ಬಾಗಿಲವಾಡದಿಂದ ಏರುಮಡಿಗೆ

ಮನೆ ಕೆಡವಿದ ಸಾಮಾನು ಮಾರುವ ಯಾರ್ಡಿಗೆ ಬೆಳಗಿನ ಹೊತ್ತು ಹೋದರೆ ಒಂದು ಹಳೇ ಬೀದಿಯನ್ನೇ ಬಿಚ್ಚಿ ಒಟ್ಟಿದಂತೆ ಕಾಣುತ್ತದೆ. ಬಾಗಿಲವಾಡಗಳು ಒಂದು ಕಡೆ, ಕಿಟಕಿಯ ಚೌಕಟ್ಟುಗಳು ಇನ್ನೊಂದು ಕಡೆ, ಗೋಡೆಗೆ ಒರಗಿಸಿದ ಜಂತೆ, ರಿಪೀಸು, ಅಟ್ಟದ ಹಲಗೆ. ಕೆಲವು ಹೊಸ್ತಿಲುಗಳಲ್ಲಿ ಅರಿಸಿನದ ಗುರುತು ಇನ್ನೂ ಮಾಸಿರುವುದಿಲ್ಲ. ತರಕಾರಿ ಬೆಳೆಯಲು ಮರದ ಏರುಮಡಿ ಮಾಡಬೇಕೆಂದು ನಾನು ಅಲ್ಲಿಗೆ ಹೋದಾಗ ಜೊತೆಗೆ ನಮ್ಮ ಬಡಗಿ ಆಚಾರ್ರು ಬಂದಿದ್ದರು. ಅಳತೆ ಟೇಪು ತಂದಿರುತ್ತಾರೆ ಅಂದುಕೊಂಡಿದ್ದೆ. ಅವರು ಜೇಬಿನಿಂದ ತೆಗೆದದ್ದು ಗೋಣಿಚೀಲ ಹೊಲಿಯುವ ದಬ್ಬಳ.

“ಸ್ವಾಮಿ, ಬಣ್ಣ ನೋಡ್ಬೇಡಿ, ಬುಡ ನೋಡಿ” ಅಂದರು. ಬಾಗಿಲವಾಡದ ಕಾಲನ್ನು ತಲೆಕೆಳಗು ಮಾಡಿ, ನೆಲದೊಳಗೆ ಹೂತಿದ್ದ ಜಾಗಕ್ಕೆ ದಬ್ಬಳ ಚುಚ್ಚಿ, ಎಳೆಯ ಉದ್ದಕ್ಕೆ ಮೀಟಿದರು. ಮೊದಲನೆಯದರಲ್ಲಿ ಚಿಟ್ ಎಂದು ಸದ್ದಾಗಿ ಬೆರಳುದ್ದದ ಸಿಬಿರು ಎದ್ದುಬಂತು. ಎರಡನೆಯದರಲ್ಲಿ ಸದ್ದೇ ಇಲ್ಲ. ಬಿಸ್ಕತ್ತಿನ ಅಂಚು ಮುರಿದ ಹಾಗೆ ಒಂದು ಗಿಡ್ಡ ತುಂಡು ಕಿತ್ತು ಬಂತು. ಮೇಲೆ ನೋಡಿದರೆ ಎರಡೂ ಒಂದೇ ತರಹ, ತೂಕವೂ ಹೆಚ್ಚುಕಮ್ಮಿ ಒಂದೇ. “ಇದು ಲಡ್ಡು” ಎಂದು, ಅಂದರೆ ಕೊಳೆತದ್ದೆಂದು, ಎರಡನೆಯದನ್ನು ಪಕ್ಕಕ್ಕೆ ತಳ್ಳಿದರು.

ಆ ಗಿಡ್ಡ ತುಂಡಿನಲ್ಲಿ ಒಳ್ಳೆಯ ಜೀವರಸಾಯನ ಅಡಗಿದೆ. ಮರವೆಂದರೆ ಮುಖ್ಯವಾಗಿ ಎರಡು ವಸ್ತುಗಳ ಹೆಣಿಗೆ. ಉದ್ದುದ್ದ ನೂಲಿನಂಥ ಸೆಲ್ಯುಲೋಸ್ ಎಳೆತವನ್ನು ತಡೆಯುತ್ತದೆ, ಅದರ ಸುತ್ತ ಗಾರೆಯಂತೆ ಮೆತ್ತಿಕೊಂಡ ಲಿಗ್ನಿನ್ ಒತ್ತಡವನ್ನು ತಡೆಯುತ್ತದೆ. ಮರ ತಿನ್ನುವ ಶಿಲೀಂಧ್ರಗಳಲ್ಲಿ ಒಂದು ಗುಂಪು ಲಿಗ್ನಿನ್ನಿನ ತಂಟೆಗೆ ಹೋಗದೆ ಸೆಲ್ಯುಲೋಸಿನ ನೂಲನ್ನು ಅಲ್ಲಲ್ಲಿ ಕತ್ತರಿಸುತ್ತಾ ಹೋಗುತ್ತದೆ. ನೂಲು ತುಂಡಾಯಿತೇ ಹೊರತು ಇನ್ನೂ ಕರಗಿ ಹೋಗಿಲ್ಲ, ಹಾಗಾಗಿ ತೂಕ ಇಳಿದಿರುವುದಿಲ್ಲ. ತೂಕದಲ್ಲಿ ನೂರಕ್ಕೆ ಹತ್ತು ಪಾಲು ಕಳೆಯುವ ಮೊದಲೇ ಮರದ ಗಟ್ಟಿತನ ಅರ್ಧಕ್ಕಿಂತ ಹೆಚ್ಚು ಹೋಗಿರಬಹುದು. ಕಣ್ಣಿಗೆ, ಕೈಗೆ, ತಕ್ಕಡಿಗೆ ಸಿಗದ ಈ ನಷ್ಟ ದಬ್ಬಳಕ್ಕೆ ಸಿಗುತ್ತದೆ. ನೂಲು ಇಡಿಯಾಗಿದ್ದರೆ ಉದ್ದದ ಸಿಬಿರು, ತುಂಡಾಗಿದ್ದರೆ ಗಿಡ್ಡ ಚೂರು. ಇನ್ನೂ ಮುಂದಕ್ಕೆ ಹೋದ ಮರ ಕಂದುಬಣ್ಣಕ್ಕೆ ತಿರುಗಿ, ಬರಗಾಲದ ಕೆರೆಯಂಗಳದ ಹಾಗೆ ಚೌಕ ಚೌಕವಾಗಿ ಬಿರಿದಿರುತ್ತದೆ. ಅದನ್ನು ಗುರುತಿಸಲು ಆಚಾರ್ರು ಬೇಕಿಲ್ಲ.

ಹಾಗಾದರೆ ಬುಡವೇ ಏಕೆ ಮೊದಲು ಹೋಗುತ್ತದೆ? ಶಿಲೀಂಧ್ರಕ್ಕೆ ಊಟದ ಜೊತೆಗೆ ನೀರೂ ಬೇಕು, ಗಾಳಿಯೂ ಬೇಕು. ಮರದಲ್ಲಿರುವ ತೇವಾಂಶ ಅದರ ಒಣ ತೂಕದ ನೂರಕ್ಕೆ 20 ಪಾಲಿಗಿಂತ ಕಡಿಮೆ ಇದ್ದರೆ ಶಿಲೀಂಧ್ರ ಅಲ್ಲಿ ಬೆಳೆಯಲಾರದು. 30ರ ಆಸುಪಾಸು ದಾಟಿತೋ, ಮರದ ಕೋಶಗಳ ಗೋಡೆ ನೀರು ಕುಡಿದು ತಣಿದು, ಕೋಶಗಳ ಪೊಳ್ಳಿನಲ್ಲಿ ನೀರು ನಿಲ್ಲತೊಡಗುತ್ತದೆ. ಅಲ್ಲಿಂದ ಮುಂದೆ ಶಿಲೀಂಧ್ರಕ್ಕೆ ಹಬ್ಬ. ಆದರೆ ಮರ ಪೂರ್ತಿ ಮುಳುಗಿಬಿಟ್ಟರೆ ಗಾಳಿ ಸಿಗದೆ ಹಬ್ಬ ನಿಂತುಹೋಗುತ್ತದೆ. ಕರಾವಳಿಯಲ್ಲಿ ಬಾವಿಯ ತಳಕ್ಕೆ ಇಳಿಸಿದ ನೆಲ್ಲಿಯ ಹಲಗೆ ವರ್ಷಗಟ್ಟಲೆ ನೀರಲ್ಲಿದ್ದೂ ಕೊಳೆಯದೆ ಉಳಿಯುವುದಕ್ಕೆ ಇದೂ ಒಂದು ಕಾರಣ. ಬೇಲಿಯ ಗೂಟವನ್ನು ನೋಡಿ. ಮೇಲಿನ ಭಾಗ ಒಣಗಿರುತ್ತದೆ, ಆಳದ ಭಾಗಕ್ಕೆ ಗಾಳಿ ಕಡಿಮೆ. ಅದು ಮುರಿಯುವುದು ಸರಿಯಾಗಿ ನೆಲಮಟ್ಟದಲ್ಲಿ, ನೀರೂ ಗಾಳಿಯೂ ಕೈಕುಲುಕುವ ಜಾಗದಲ್ಲಿ.

ಈಗ ಏರುಮಡಿಯ ಹಲಗೆಯನ್ನು ಕಲ್ಪಿಸಿಕೊಳ್ಳಿ. ಒಂದು ಮುಖಕ್ಕೆ ಸದಾ ಹಸಿ ಮಣ್ಣು, ಇನ್ನೊಂದು ಮುಖಕ್ಕೆ ಸದಾ ಗಾಳಿ. ಅಂದರೆ ಹಲಗೆಯ ಉದ್ದಕ್ಕೂ, ಎತ್ತರಕ್ಕೂ ಬರೀ ನೆಲಮಟ್ಟವೇ! ಮರವನ್ನು ಕೊಳೆಯಿಸಲೆಂದೇ ಯಂತ್ರವೊಂದನ್ನು ಯೋಚಿಸಿದ್ದರೂ ಇದಕ್ಕಿಂತ ಚೆನ್ನಾಗಿ ಮಾಡಲಾಗುತ್ತಿರಲಿಲ್ಲ. ಇದನ್ನು ಒಪ್ಪಿಕೊಂಡೇ ಕೆಲಸಕ್ಕೆ ಇಳಿಯಬೇಕು. ಯಾವ ಎಣ್ಣೆ ಬಳಿಯಬೇಕು ಎಂದೇ ಎಲ್ಲರೂ ಮೊದಲು ಕೇಳುವುದು. ನನ್ನ ಪ್ರಕಾರ ಕೇಳಬೇಕಾದ್ದು, ನೆನೆದ ಹಲಗೆ ಮತ್ತೆ ಒಣಗಲು ದಾರಿ ಇದೆಯೇ ಎಂದು.

ಮರದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಮರಗಳ ಬಾಳಿಕೆಯನ್ನು ಅಳೆಯಲು ವಿಜ್ಞಾನಿಗಳು ಮಾಡುವ ಪರೀಕ್ಷೆಗೆ ಸ್ಮಶಾನ ಪರೀಕ್ಷೆ ಎಂದೇ ಹೆಸರು. ಒಂದೇ ಅಳತೆಯ ಗೂಟಗಳನ್ನು ಬಯಲಿನಲ್ಲಿ ಸಾಲಾಗಿ ಅರ್ಧ ಹೂತು, ಆಗಾಗ ಕಿತ್ತು ನೋಡಿ ಮತ್ತೆ ಹೂಳುತ್ತಾರೆ. ಸಾಲಾಗಿ ನಿಂತ ಗೂಟಗಳು ಗೋರಿಕಲ್ಲುಗಳಂತೆಯೇ ಕಾಣುತ್ತವೆ. ಭಾರತೀಯ ಮಾನಕದ ಪ್ರಕಾರ ಸರಾಸರಿ 120 ತಿಂಗಳಿಗಿಂತ ಹೆಚ್ಚು ನಿಂತರೆ ಮೊದಲ ದರ್ಜೆ, 60ರಿಂದ 120 ತಿಂಗಳು ನಿಂತರೆ ಎರಡನೆಯದು, 60ಕ್ಕಿಂತ ಕಡಿಮೆಯಾದರೆ ಮೂರನೆಯದು. ತೇಗ ಮೊದಲ ದರ್ಜೆ, ಮಾವು ಮೂರನೆಯದು. ಆದರೆ ಈ ದರ್ಜೆ ಚೇಗಿಗೆ ಮಾತ್ರ, ಅಂದರೆ ಕಾಂಡದ ನಡುವಿನ ಬಲಿತ ತಿರುಳಿಗೆ. ಮರ ಬೆಳೆಯುತ್ತಾ ಒಳಗಿನ ಕೋಶಗಳಿಗೆ ನೀರು ಸಾಗಿಸುವ ಕೆಲಸದಿಂದ ನಿವೃತ್ತಿ ಕೊಟ್ಟು, ಅವುಗಳಲ್ಲಿ ತನ್ನ ವಿಷಗಳನ್ನು ತುಂಬಿಡುತ್ತದೆ. ತೇಗದ ಚೇಗಿನಲ್ಲಿರುವ ಟೆಕ್ಟೋಕ್ವಿನೋನ್ ಎಂಬ ವಸ್ತುವಿಗೆ ಗೆದ್ದಲು ಹೆದರುತ್ತದೆ. ತೊಗಟೆಯ ಕಡೆಯ ಬಿಳಿ ಭಾಗದಲ್ಲಿ ಆ ವಿಷವಿಲ್ಲ, ಗಂಜಿ ಸಕ್ಕರೆಗಳಿವೆ. ತೇಗವೆಂದು ನಂಬಿ ತಂದ ಹಲಗೆಯ ಅಂಚಿನ ಬಿಳಿ ಪಟ್ಟಿ ಬಾಳಿಕೆಯಲ್ಲಿ ಮಾವಿನ ಸಮ. ಹಳೇ ಮನೆಯ ಬಾಗಿಲವಾಡದ ಮೇಲೆ ನನಗಿರುವ ಮೋಹಕ್ಕೆ ಇದೇ ಕಾರಣ. ಆಗಿನ ಬಡಗಿಗಳು ಬಿಳಿ ಭಾಗವನ್ನು ಕೆತ್ತಿ ಎಸೆದು ಚೇಗನ್ನೇ ಬಳಸುತ್ತಿದ್ದರು. ಜೊತೆಗೆ ದಶಕಗಟ್ಟಲೆ ಮನೆಯೊಳಗೆ ನಿಂತ ಮರ ಕುಗ್ಗುವುದನ್ನೆಲ್ಲ ಕುಗ್ಗಿ, ಸೊಟ್ಟಾಗುವುದನ್ನೆಲ್ಲ ಸೊಟ್ಟಾಗಿ ಮುಗಿಸಿರುತ್ತದೆ.

ಹಳೇ ಮರಕ್ಕೆ ತನ್ನದೇ ಆದ ಪೂರ್ವಾಶ್ರಮ ಇರುತ್ತದೆ. ಅದನ್ನು ವಿಚಾರಿಸದೆ ಸೊಪ್ಪು ಬೆಳೆಯುವ ಮಡಿಗೆ ತರಬಾರದು.

ಮೊದಲನೆಯದು ಬಣ್ಣ. ಮನೆಗೆ ಹಚ್ಚುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಹಸಿರು, ಹಳದಿ ಎಣ್ಣೆಬಣ್ಣದ ಬಾಗಿಲಲ್ಲಿ ಸೀಸ ಇಲ್ಲವೆಂದು ಯಾರೂ ಭರವಸೆ ಕೊಡಲಾರರು. ಉಜ್ಜಿ ತೆಗೆಯುತ್ತೇನೆಂದು ಉಪ್ಪುಕಾಗದ ಹಿಡಿದರೆ ಸೀಸ ಪುಡಿಯಾಗಿ ಮೂಗಿಗೂ ಅಂಗಳಕ್ಕೂ ಸೇರುತ್ತದೆ. ಮಣ್ಣಿಗೆ ಬಿದ್ದ ಸೀಸ ಎಲ್ಲಿಗೂ ಹೋಗುವುದಿಲ್ಲ. ಬಣ್ಣದ ಮರವನ್ನು ಬಿಟ್ಟುಬಿಡಿ. ಬಣ್ಣ ಕಾಣದ ಅಟ್ಟದ ಹಲಗೆ, ಜಂತೆ ಬೇಕಾದಷ್ಟು ಸಿಗುತ್ತವೆ.

ಎರಡನೆಯದು ರೈಲ್ವೆ ಸ್ಲೀಪರು. ನೋಡಲು ಆನೆಯಂತಿರುತ್ತದೆ, ಬೆಲೆಯೂ ಆಕರ್ಷಕ. ಕಲ್ಲಿದ್ದಲಿನ ಟಾರಿನಿಂದ ತೆಗೆದ ಕ್ರಿಯೋಸೋಟ್ ಅದರ ಒಡಲೆಲ್ಲ ತುಂಬಿರುತ್ತದೆ, ಅದರಲ್ಲಿ ಕ್ಯಾನ್ಸರ್ ತರುವ ವಸ್ತುಗಳಿವೆ. ಬಿಸಿಲಿಗೆ ಟಾರಿನ ವಾಸನೆ ಬಂದರೆ ಅಲ್ಲಿಗೆ ವ್ಯಾಪಾರ ಮುಗಿಯಿತು.

ಮೂರನೆಯದಕ್ಕೆ ಭಾರತದ್ದೇ ಒಂದು ಕಥೆ ಇದೆ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎಂಬ ವಿಜ್ಞಾನಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಮರರಕ್ಷಕವೊಂದನ್ನು ಕಂಡುಹಿಡಿದರು. ತಾಮ್ರ ಶಿಲೀಂಧ್ರಕ್ಕೆ, ಆರ್ಸೆನಿಕ್ ಗೆದ್ದಲಿಗೆ. ಇವೆರಡೂ ನೀರಿನಲ್ಲಿ ಕರಗಿ ಹೋಗುವಂಥವು. ಅವನ್ನು ಮರದ ಎಳೆಗೆ ಕಟ್ಟಿಹಾಕಲು ಕ್ರೋಮಿಯಂ ಸೇರಿಸಿದ್ದು ಅವರ ಜಾಣ್ಮೆ. ಆರ್ಸೆನಿಕ್ ಮತ್ತು ತಾಮ್ರದ ರಾಸಾಯನಿಕ ಚಿಹ್ನೆಗಳನ್ನು ಕೂಡಿಸಿ ‘ಆಸ್ಕು’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಅದು ಪ್ರಪಂಚದಾದ್ಯಂತ ಬಳಕೆಯಾಯಿತು. ಅಮೆರಿಕದ ಮನೆಗಳ ಜಗಲಿ, ಬೇಲಿ, ಮಕ್ಕಳ ಜಾರುಬಂಡಿಗಳೆಲ್ಲ ಅದರಲ್ಲಿ ಮಿಂದ ಮರದವೇ ಆಗಿದ್ದವು. ಕಟ್ಟು ಎಷ್ಟೇ ಬಿಗಿಯಾದರೂ ಮಳೆಗೆ ಸ್ವಲ್ಪ ಆರ್ಸೆನಿಕ್ ಜಾರಿ ಮಣ್ಣಿಗಿಳಿಯುತ್ತದೆ ಎಂದು ತಿಳಿದ ಮೇಲೆ, 2003ರ ಕೊನೆಗೆ ಅಲ್ಲಿನ ಉತ್ಪಾದಕರು ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು ನಿಲ್ಲಿಸಿದರು. ನಮ್ಮಲ್ಲಿ ಕಾರ್ಖಾನೆಗಳ ಕೂಲಿಂಗ್ ಟವರಿನ ಮರಕ್ಕೆ ಇದನ್ನು ಉಣಿಸುವುದುಂಟು. ಗುಜರಿಯಲ್ಲಿ ತೆಳುಹಸಿರು ಛಾಯೆಯ, ಹುಳವೇ ಮುಟ್ಟದ ಹಲಗೆ ಸಿಕ್ಕರೆ ಹಿಗ್ಗಬೇಡಿ. ಒಲೆಗಂತೂ ಹಾಕಲೇಬೇಡಿ, ಆರ್ಸೆನಿಕ್ ಹೊಗೆಗೂ ಬೂದಿಗೂ ಬರುತ್ತದೆ.

ಉಳಿದದ್ದು ಸರಕು ಹೊರುವ ಪ್ಯಾಲೆಟ್ಟು. ಅಂತರರಾಷ್ಟ್ರೀಯ ಸಾಗಣೆಯ ಪ್ಯಾಲೆಟ್ಟಿನ ಮೇಲೆ ಗೋಧಿ ತೆನೆಯ ಮುದ್ರೆ, ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ‘ಎಚ್‌ಟಿ’ ಎಂದಿದ್ದರೆ ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾದಿದೆ ಎಂದರ್ಥ. ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಅನಿಲದ ಹೊಗೆ ಕೊಟ್ಟದ್ದು. ಮೊದಲನೆಯದನ್ನು ಆರಿಸಿ, ಎರಡನೆಯದನ್ನು ಬಿಡಿ. ಆದರೆ ಆ ಬಿಸಿ ಒಳಗಿದ್ದ ಹುಳುಗಳನ್ನು ಕೊಲ್ಲುತ್ತದೆ ಅಷ್ಟೆ, ನಾಳೆ ಬರುವ ಗೆದ್ದಲನ್ನೂ ಶಿಲೀಂಧ್ರವನ್ನೂ ತಡೆಯುವುದಿಲ್ಲ. ನನ್ನ ಮೊಟ್ಟಮೊದಲ ಮಡಿ ಪ್ಯಾಲೆಟ್ಟಿನ ಪೈನ್ ಹಲಗೆಯದು. ಎರಡು ಮಳೆಗಾಲಕ್ಕೆ ಅದರ ಕೆಳಹಲಗೆಯನ್ನು ಬೆರಳಲ್ಲಿ ಚುಚ್ಚಬಹುದಿತ್ತು.

ಇನ್ನು ಕಟ್ಟುವ ಕೆಲಸ. ಅಗಲ ನಾಲ್ಕು ಅಡಿ ಮೀರಬಾರದು, ಏಕೆಂದರೆ ಎರಡೂ ಬದಿಯಿಂದ ಕೈ ಎರಡಡಿ ಹೋಗುತ್ತದೆ. ಒಳಗೆ ಕಾಲಿಡದೆ ಕಳೆ ಕೀಳಬಹುದು. ಏರುಮಡಿಯ ಅರ್ಧ ಪುಣ್ಯ ಇರುವುದೇ ಈ ಕಾಲಿಡದಿರುವುದರಲ್ಲಿ. (ಆಚಾರದ ಮಡಿಯಲ್ಲಿ ಮುಟ್ಟಬಾರದು, ಈ ಮಡಿಯಲ್ಲಿ ತುಳಿಯಬಾರದು.) ಒಳ್ಳೆಯ ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ಜಾಗ ಖಾಲಿ ಇರುತ್ತದೆ, ಗಾಳಿ ನೀರುಗಳು ಓಡಾಡುವುದು ಅಲ್ಲಿ. ತುಳಿದರೆ ಮೊದಲು ಮುಚ್ಚುವುದು ಅದೇ.

ಹಸಿ ಮಣ್ಣು ಹಲಗೆಯನ್ನು ಹೊರಕ್ಕೆ ನೂಕುತ್ತಲೇ ಇರುತ್ತದೆ. ಆಳಕ್ಕೆ ಹೋದಂತೆ ನೂಕು ಹೆಚ್ಚುತ್ತದೆ. ಒಂದಡಿ ಎತ್ತರದ ಮಡಿಯಲ್ಲಿ ಪ್ರತಿ ಮೀಟರ್ ಉದ್ದಕ್ಕೆ ಹೆಚ್ಚುಕಮ್ಮಿ 40 ಕಿಲೋ ಭಾರದಷ್ಟು ಒತ್ತಡವಿದ್ದರೆ, ಎರಡಡಿಯಲ್ಲಿ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಲಗೆ ಬಾಗುವ ಲೆಕ್ಕ ಇನ್ನೂ ನಿರ್ದಯ. ಆಸರೆಗಳ ನಡುವಿನ ದೂರ ಎರಡು ಪಟ್ಟಾದರೆ ಬಾಗು ಹದಿನಾರು ಪಟ್ಟು. ಹಲಗೆಯ ದಪ್ಪ ಅರ್ಧವಾದರೆ ಬಾಗು ಎಂಟು ಪಟ್ಟು. ಎಂಟಡಿ ಉದ್ದದ ಮಡಿ ಒಂದು ವರ್ಷಕ್ಕೆ ಹೊಟ್ಟೆ ಬಿಟ್ಟುಕೊಂಡು ನಿಲ್ಲುವುದು ಇದರಿಂದ. ಮಧ್ಯಕ್ಕೆ ಒಂದು ಗೂಟ ಕೊಟ್ಟರೆ ಬಾಗು ಹದಿನಾರನೇ ಒಂದಕ್ಕಿಳಿಯುತ್ತದೆ. ಅಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟು ದೊಡ್ಡ ಲಾಭ ಬಡಗಿತನದಲ್ಲಿ ಬೇರೆಲ್ಲೂ ನನಗೆ ಕಂಡಿಲ್ಲ.

ಹಳೇ ಮೊಳೆಗಳನ್ನು ಪೂರ್ತಿ ಕೀಳಿ. ಮೊಳೆಯ ಸುತ್ತ ಮರ ಕಪ್ಪಾಗಿರುವುದನ್ನು ನೋಡಿರಬಹುದು. ಅದು ಶಾಯಿ! ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಮರದ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ, ತೇವವಿದ್ದಲ್ಲಿ ಮೊಳೆಯೂ ಸವೆಯುತ್ತದೆ, ಸುತ್ತಲ ಮರವೂ ಸಡಿಲಾಗುತ್ತದೆ. ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಹಾಕಿ, ಮೊದಲೇ ಬೈರಿಗೆಯಿಂದ ತೂತು ಕೊರೆದುಕೊಂಡು. ಒಣಗಿ ಗಟ್ಟಿಯಾದ ಹಳೇ ತೇಗಕ್ಕೆ ನೇರ ಸ್ಕ್ರೂ ತಿರುಗಿಸಿದರೆ ತುದಿ ಸೀಳುತ್ತದೆ.

ಇನ್ನು ಎಣ್ಣೆಯ ಮಾತು. ಬೇವಿನೆಣ್ಣೆ, ಹೊಂಗೆ ಎಣ್ಣೆ ಬಳಿಯುವವರಿದ್ದಾರೆ. ಹುಳ ಸ್ವಲ್ಪ ದಿನ ದೂರವಿರಬಹುದು. ಆದರೆ ಅವು ಒಣಗುವ ಎಣ್ಣೆಗಳಲ್ಲ. ಅಗಸೆ ಎಣ್ಣೆ ಒಣಗುತ್ತದೆ. ‘ಒಣಗುತ್ತದೆ’ ಎಂಬ ಮಾತು ತುಸು ಮೋಸದ್ದು, ಅದರಿಂದ ನೀರೇನೂ ಆರಿಹೋಗುವುದಿಲ್ಲ. ಅಗಸೆ ಎಣ್ಣೆಯಲ್ಲಿ ಸುಮಾರು ಅರ್ಧಪಾಲಿರುವ ಲಿನೋಲೆನಿಕ್ ಆಮ್ಲದ ಪ್ರತಿ ಅಣುವಿನಲ್ಲೂ ಮೂರು ದ್ವಿಬಂಧಗಳಿವೆ. ಗಾಳಿಯ ಆಮ್ಲಜನಕ ಅಲ್ಲಿಗೆ ಬಂದು ಕೊಂಡಿ ಹಾಕುತ್ತದೆ, ಅಣುಗಳು ಒಂದಕ್ಕೊಂದು ಹೆಣೆದು ಜಾಲವಾಗುತ್ತವೆ. ಹಾಗಾಗಿ ಈ ಎಣ್ಣೆ ಒಣಗುವಾಗ ತೂಕ ಹೆಚ್ಚುತ್ತದೆ! ಬೇವು, ಹೊಂಗೆಗಳಲ್ಲಿ ಒಂದೇ ದ್ವಿಬಂಧದ ಆಮ್ಲವೇ ಹೆಚ್ಚು, ಜಾಲ ಕಟ್ಟಲು ಕೊಂಡಿ ಸಾಲದು. ತೆಂಗಿನೆಣ್ಣೆಯಲ್ಲಿ ಅದೂ ಇಲ್ಲದಷ್ಟು ಕಡಿಮೆ. ಅಗಸೆ ಎಣ್ಣೆ ಹೆಣೆದುಕೊಳ್ಳುವಾಗ ಶಾಖ ಹುಟ್ಟುತ್ತದೆ ಎಂಬುದನ್ನು ಮರೆಯಬೇಡಿ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ಅದ್ದಿ, ಬಿಡಿಸಿ ಹರವಿ. ಅಂಗಡಿಯ ‘ಬಾಯಿಲ್ಡ್’ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ. ತರಕಾರಿ ಮಡಿಗೆ ಹಸಿ ಎಣ್ಣೆಯೇ ಸರಿ, ತಡವಾದರೂ.

ಕರಾವಳಿಯವರ ಬಳಿ ಇದಕ್ಕಿಂತ ಗಟ್ಟಿ ಮದ್ದಿದೆ. ಗೇರುಬೀಜದ ಸಿಪ್ಪೆಯ ಕಪ್ಪು ಎಣ್ಣೆಯನ್ನು ದೋಣಿಗೆ, ಮಾಡಿನ ಪಕ್ಕಾಸಿಗೆ ಬಳಿಯುವುದು ಅಲ್ಲಿನ ಹಳೇ ರೂಢಿ. ಅದು ಫೀನಾಲ್ ಜಾತಿಯ ಅಣು, ಹದಿನೈದು ಇಂಗಾಲದ ಬಾಲ. ಬಾಲದ ದ್ವಿಬಂಧಗಳು ಹೆಣೆದುಕೊಳ್ಳುತ್ತವೆ, ತಲೆಯ ಕಡೆಯ ಫೀನಾಲ್ ಹುಳುಗಳಿಗೆ ಕಹಿಯಾಗುತ್ತದೆ. ಒಂದೇ ಅಣು ಎರಡು ಕೆಲಸ ಮಾಡುತ್ತದೆ. ಆದರೆ ಚರ್ಮಕ್ಕೆ ತಗುಲಿದರೆ ಬೊಕ್ಕೆ ಏಳುತ್ತದೆ, ಕೈಗವಸಿಲ್ಲದೆ ಡಬ್ಬಿ ತೆರೆಯಬೇಡಿ. ನಾನು ಇದನ್ನು ಗೂಟಗಳ ಬುಡಕ್ಕೂ ಹೊರಮುಖಕ್ಕೂ ಮಾತ್ರ ಬಳಿದು, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಕಟ್ಟುತ್ತೇನೆ. ಮಣ್ಣು ತಾಗುವ ಒಳಮುಖಕ್ಕೆ ಹಾಕುವುದಿಲ್ಲ.

ಯಾವುದನ್ನೇ ಹಚ್ಚಿದರೂ ಹಲಗೆಯ ತುದಿಗಳಿಗೆ ಎರಡು ಮೂರು ಸಲ ಹೆಚ್ಚು ಹಚ್ಚಿ. ಮರವೆಂದರೆ ಒತ್ತಾಗಿ ಕಟ್ಟಿದ ಕೊಳವೆಗಳ ಕಟ್ಟು. ಕೊಯ್ದ ತುದಿಯಲ್ಲಿ ಆ ಕೊಳವೆಗಳೆಲ್ಲ ಬಾಯಿ ತೆರೆದಿರುತ್ತವೆ. ಅಗಲದ ಮುಖಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಅಲ್ಲಿ ನೀರು ನುಗ್ಗುತ್ತದೆ. ಮಡಿಗಳ ಮೂಲೆಗಳು ಮೊದಲು ಲಡ್ಡಾಗುವುದು ಅದಕ್ಕೇ. ಹೊರಮುಖ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅತಿನೇರಳೆ ಕಿರಣ ಮೇಲ್ಪದರದ ಲಿಗ್ನಿನ್ನನ್ನು ಒಡೆಯುತ್ತದೆ, ಮಳೆ ತೊಳೆಯುತ್ತದೆ. ಅದು ಕೊಳೆತವಲ್ಲ, ಚರ್ಮದಾಳದ ಮುಪ್ಪು. ಹೊಳೆಯುವ ವಾರ್ನಿಷ್ ಮಾತ್ರ ಬೇಡ. ಹೊರಗೆ ಪೊರೆಯಾಗಿ ನಿಂತು, ಒಳಗಿನಿಂದ ಬಂದ ತೇವಕ್ಕೆ ಬಾಗಿಲು ಹಾಕಿ, ಕೊನೆಗೆ ಸಿಪ್ಪೆಯಂತೆ ಏಳುತ್ತದೆ.

ಎಣ್ಣೆಗಿಂತ ನಾನು ಹೆಚ್ಚು ನಂಬುವುದು ಕಲ್ಲನ್ನು. ಹಳೇ ತೊಟ್ಟಿಮನೆಗಳಲ್ಲಿ ಮರದ ಕಂಬವನ್ನು ಮಣ್ಣಿಗೆ ಊರುತ್ತಿರಲಿಲ್ಲ, ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಿದ್ದರು. ನೆಲದ ತೇವ ಮೇಲೇರುವ ದಾರಿ ಅಲ್ಲಿಗೆ ಕಡಿಯುತ್ತದೆ. ಗೆದ್ದಲು ಮರ ತಲುಪಬೇಕಾದರೆ ಕಲ್ಲಿನ ಮೇಲೆ ಮಣ್ಣಿನ ಸುರಂಗ ಕಟ್ಟಲೇಬೇಕು, ಅದು ಕಣ್ಣಿಗೆ ಬೀಳುತ್ತದೆ, ಕೆಡವಬಹುದು. ನನ್ನ ಈಗಿನ ಮಡಿಗಳ ಕೆಳಹಲಗೆ ಚಪ್ಪಡಿ ಚೂರುಗಳ ಮೇಲೆ ಕೂತಿದೆ. ಹಲಗೆ ಹಲಗೆಯ ನಡುವೆ ಅಕ್ಕಿಕಾಳಿನಷ್ಟು ಸಂದು. ಒಳಮುಖಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದೂ ಬದಿಗೆ ಮಾತ್ರ, ತಳಕ್ಕಿಲ್ಲ. ಮೇಲಿನ ಅಂಚನ್ನು ಪಟ್ಟಿ ಹೊಡೆದು ಮುಚ್ಚಿದ್ದೇನೆ, ಇಲ್ಲವಾದರೆ ಹಾಳೆಯ ಹಿಂದೆ ಇಳಿದ ನೀರು ಅಲ್ಲೇ ಸೆರೆಯಾಗುತ್ತದೆ. ಕೆಳಹಲಗೆಯನ್ನು ಮಾತ್ರ ಬಿಚ್ಚಿ ಬದಲಿಸುವಂತೆ ಸ್ಕ್ರೂ ಹಾಕಿದ್ದೇನೆ. ಯಾವತ್ತಾದರೂ ಅದೇ ಮೊದಲು ಹೋಗುವುದು ಗೊತ್ತೇ ಇದೆಯಲ್ಲ.

ತಾರಸಿಯ ಮೇಲೆ ಮಡಿ ಕಟ್ಟುವವರಿಗೆ ಒಂದು ಲೆಕ್ಕ. ಒಂದಡಿ ಹಸಿ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಜನ ಓಡಾಡುವ ತಾರಸಿಗೆ ಐಎಸ್ 875 ಮಾನಕ ಹೇಳುವ ಹೊರೆ ಚದರ ಮೀಟರಿಗೆ 150 ಕಿಲೋ ಆಸುಪಾಸು. ಇಂಜಿನಿಯರನ್ನು ಕೇಳದೆ ಅಲ್ಲಿ ಮಣ್ಣು ಸುರಿಯಬೇಡಿ. ಇನ್ನೊಂದು ಮಾತು, ಏರುಮಡಿ ಎಲ್ಲ ಊರಿಗೂ ಹೇಳಿಮಾಡಿಸಿದ್ದಲ್ಲ. ಮಲೆನಾಡಿನ ಮಳೆಯಲ್ಲಿ ಶುಂಠಿ ಬದುಕುವುದು ಏರುಮಡಿಯಿಂದ, ನೀರು ಬಸಿದುಹೋಗಲೆಂದು. ಬಯಲುಸೀಮೆಯ ಬೇಸಿಗೆಯಲ್ಲಿ ಅದೇ ಏರುಮಡಿ ಬೇಗ ಒಣಗಿ ದಿನಕ್ಕೆರಡು ಸಲ ನೀರು ಕೇಳುತ್ತದೆ. ಅಲ್ಲಿ ತಗ್ಗು ಮಡಿಯೇ ಲೇಸು, ಮರವೂ ಬೇಡ.

ಆಚಾರ್ರು ಆರಿಸಿಕೊಟ್ಟ ಬಾಗಿಲವಾಡದ ಮಡಿಯಲ್ಲಿ ಈಗ ಹರಿವೆ, ಮೆಂತ್ಯ, ಮೂಲೆಯಲ್ಲೊಂದು ಬದನೆ. ಪ್ರತಿ ಮಳೆಗಾಲ ಮುಗಿದ ಮೇಲೆ ನಾಲ್ಕೂ ಮೂಲೆಗೆ ದಬ್ಬಳ ಹಾಕಿ ಮೀಟಿ ನೋಡುತ್ತೇನೆ. ಇಲ್ಲಿಯವರೆಗೆ ಸಿಬಿರು ಉದ್ದಕ್ಕೇ ಏಳುತ್ತಿದೆ. ನೀವು ಯಾರ್ಡಿಗೆ ಹೋಗುವ ದಿನ ದಬ್ಬಳವನ್ನು ಜೇಬಿಗೆ ಹಾಕಿಕೊಂಡು ಹೋಗಿ. ಮಾರುವವನು ಮುಖ ಸಿಂಡರಿಸಬಹುದು, ಸಿಂಡರಿಸಿಕೊಳ್ಳಲಿ.